ಸೇಲಂ: ನೇಣು ಹಾಕಿದ ಜಾಗ ಔಷಧಿ ಅಂಗಡಿಯ ಹಿಂದೆ

ಅಕ್ಟೋಬರ್ ಬಂದರೆ ಸಾಕು, ಅಮೆರಿಕದಲ್ಲಿರುವ ನೆಂಟರು ಕಳಿಸುವ ಫೋಟೊಗಳಲ್ಲಿ ಒಂದು ಊರು ತಪ್ಪದೆ ಕಾಣಿಸಿಕೊಳ್ಳುತ್ತದೆ. ಚೂಪು ಟೋಪಿ, ಪೊರಕೆ, ಕೆತ್ತಿದ ಕುಂಬಳಕಾಯಿ, ಕೆಳಗೆ 'ಸೇಲಂ' ಅನ್ನುವ ಹೆಸರು. ಇದು ಮಾವಿಗೂ ಉಕ್ಕಿಗೂ ಹೆಸರಾದ ನಮ್ಮ ಪಕ್ಕದ ಸೇಲಂ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್‌ನಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಸಮುದ್ರದ ದಂಡೆಗಿರುವ ಊರು. ರೈಲು ಹತ್ತಿದರೆ ಅರ್ಧ ಗಂಟೆ. ಹಾಗಾಗಿ ಬಾಸ್ಟನ್ ಸುತ್ತಮುತ್ತ ನೆಲೆಸಿದ ಕನ್ನಡಿಗರು ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಜಾಗಗಳ ಪಟ್ಟಿಯಲ್ಲಿ ಇದೂ ಸೇರಿದೆ.

1692ರಲ್ಲಿ ಮಾಟದ ಆರೋಪ ಹೊರಿಸಿ 20 ಜನರನ್ನು ಕೊಂದ ಊರು ಎಂದೇ ಇದಕ್ಕೆ ಹೆಸರು. ಗೊಂದಲ ಶುರುವಾಗುವುದು ಆಮೇಲೆ. ಒಂದು ವಿಡಿಯೊ 'ಇಲ್ಲಿ ಮಾಟಗಾತಿಯರನ್ನು ಸುಟ್ಟರು' ಎನ್ನುತ್ತದೆ. ಇನ್ನೊಂದು 'ಗುಡ್ಡದ ತುದಿಯಲ್ಲಿ ನೇಣು ಹಾಕಿದರು' ಎನ್ನುತ್ತದೆ. 2016ರ ಸುದ್ದಿಯೊಂದು 'ಜಾಗ ಕೊನೆಗೂ ಪತ್ತೆಯಾಯಿತು' ಎನ್ನುತ್ತದೆ. ಸ್ವಲ್ಪ ಹುಡುಕಿದರೆ ಅದೇ ಜಾಗವನ್ನು ನಗರಸಭೆ 1936ರಲ್ಲೇ ಕೊಂಡಿತ್ತು ಅಂತ ಗೊತ್ತಾಗುತ್ತದೆ. ಕೊಂಡುಕೊಂಡ ಜಾಗವನ್ನು 80 ವರ್ಷ ಬಿಟ್ಟು ಪತ್ತೆ ಮಾಡುವುದು ಅಂದರೆ ಏನು? 2022ರಲ್ಲಿ 'ಕೊನೆಯ ಮಾಟಗಾತಿ ದೋಷಮುಕ್ತ' ಅಂತ ಬೇರೆ ಬಂತು. ಸತ್ತು ಮೂರು ಶತಮಾನ ಆದವರಿಗೆ ಈಗ ಖುಲಾಸೆ ಯಾಕೆ?

ಬಿಡಿಸಿ ನೋಡಿದರೆ ಇವೆಲ್ಲ ಒಂದೇ ಗಂಟಿನ ಎಳೆಗಳು.

ಒಂದು ಕಥೆಗೆ ಮೂರು ವಿಳಾಸ

ಸೇಲಂಗೆ ಹೋದವರಿಗೆ 'ನೇಣಿನ ಜಾಗ' ಎಂದು ಯಾರಾದರೂ ತೋರಿಸಬಹುದಾದ ತಾಣಗಳು ಮೂರು.

ಮೊದಲನೆಯದು ಊರ ನಡುವೆ, ಲಿಬರ್ಟಿ ಸ್ಟ್ರೀಟ್‌ನಲ್ಲಿದೆ. ಘಟನೆಗೆ 300 ವರ್ಷ ತುಂಬಿದ 1992ರಲ್ಲಿ ಕಟ್ಟಿದ ಸ್ಮಾರಕ. ತಗ್ಗಾದ ಕಲ್ಲುಗೋಡೆ, ಅದರಿಂದ ಹೊರಚಾಚಿದ 20 ಗ್ರಾನೈಟ್ ಬೆಂಚುಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ಹೊಸ್ತಿಲ ಕಲ್ಲುಗಳ ಮೇಲೆ ಸತ್ತವರು ಕೋರ್ಟಿನಲ್ಲಿ ಆಡಿದ ಮಾತು ಕೆತ್ತಿದ್ದಾರೆ. ಆ ಸಾಲುಗಳು ಗೋಡೆಯ ಅಡಿಗೆ ಹೋಗಿ ಅರ್ಧಕ್ಕೇ ನಿಲ್ಲುತ್ತವೆ. ಮಾತು ಮುಗಿಸಲು ಬಿಡಲಿಲ್ಲ ಅನ್ನುವುದನ್ನು ಹೀಗೆ ತೋರಿಸಿದ್ದಾರೆ. ಆದರೆ ಇಲ್ಲಿ ಯಾರನ್ನೂ ಕೊಂದಿಲ್ಲ, ಯಾರನ್ನೂ ಹೂತಿಲ್ಲ. ಪಕ್ಕದ ಹಳೆಯ ಸ್ಮಶಾನದಲ್ಲಿ ಹೆಸರು ಕೆತ್ತಿದ ಗೋರಿ ಇರುವುದು ಜಾನ್ ಹಾಥಾರ್ನ್‌ದು. ಅವನು ಆರೋಪಿಗಳನ್ನು ವಿಚಾರಣೆ ಮಾಡಿದ ನ್ಯಾಯಾಧೀಶ.

ಎರಡನೆಯದು ಊರ ಪಶ್ಚಿಮಕ್ಕಿರುವ ಗ್ಯಾಲೋಸ್ ಹಿಲ್, ಅಂದರೆ ನೇಣುಗುಡ್ಡ. ಈಗ ಅಲ್ಲಿ ಪಾರ್ಕ್ ಇದೆ, ಮಕ್ಕಳು ಆಡುತ್ತಾರೆ. ಹೆಸರೇ ಹಾಗಿರುವಾಗ ಯಾರು ಅನುಮಾನಪಡುತ್ತಾರೆ? ತಲೆಮಾರುಗಟ್ಟಲೆ ಜನ ಗುಡ್ಡದ ನೆತ್ತಿಯೇ ಆ ಜಾಗ ಎಂದು ನಂಬಿದ್ದರು. ಅದು ತಪ್ಪು.

ಮೂರನೆಯದು ಅದೇ ಗುಡ್ಡದ ಬುಡದಲ್ಲಿ, ಪ್ರಾಕ್ಟರ್ ಸ್ಟ್ರೀಟ್ ಮತ್ತು ಪೋಪ್ ಸ್ಟ್ರೀಟ್ ನಡುವೆ, ಮನೆಗಳ ಹಿತ್ತಲಿಗೆ ಅಂಟಿಕೊಂಡ ಒಂದು ಬಂಡೆಚಾಚು. ಹೆಸರು ಪ್ರಾಕ್ಟರ್ಸ್ ಲೆಡ್ಜ್. ಸತ್ತವರಲ್ಲಿ ಒಬ್ಬನಾದ ಜಾನ್ ಪ್ರಾಕ್ಟರ್‌ನ ವಂಶದವರು ಮುಂದೆ ಆ ಜಮೀನನ್ನು ಕೊಂಡಿದ್ದರಿಂದ ಈ ಹೆಸರು. ಗುರುತು ಬೇಕೆಂದರೆ ವಾಲ್‌ಗ್ರೀನ್ಸ್ ಔಷಧಿ ಅಂಗಡಿಯ ಹಿಂದೆ. ನಿಜವಾದ ಜಾಗ ಇದೇ.

ಜಾಗದ ಗೊಂದಲದಂತೆ ಲೆಕ್ಕದ ಗೊಂದಲವೂ ಒಂದಿದೆ. ಊರ ನಡುವಿನ ಸ್ಮಾರಕದಲ್ಲಿ 20 ಹೆಸರು, ಇಲ್ಲಿ 19. ನೇಣಿಗೆ ಹೋದವರು 19 ಜನ, 14 ಹೆಂಗಸರು ಮತ್ತು 5 ಗಂಡಸರು. ಇಪ್ಪತ್ತನೆಯವನು ಜೈಲ್ಸ್ ಕೋರಿ, 80ರ ಆಸುಪಾಸಿನ ರೈತ. ಜ್ಯೂರಿ ಮುಂದೆ ವಿಚಾರಣೆಗೆ ಒಪ್ಪದ ಅವನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಅದು ಈ ಬಂಡೆಯ ಹತ್ತಿರ ನಡೆದದ್ದಲ್ಲ.

1692ರಲ್ಲಿ ಆದದ್ದು

ಶುರುವಾದದ್ದು ಸೇಲಂ ಊರಿನಲ್ಲಿ ಅಲ್ಲ, ಅದರ ಪಕ್ಕದ ಸೇಲಂ ವಿಲೇಜ್‌ನಲ್ಲಿ. ಅಲ್ಲಿನ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್‌ನ ಮನೆಯಲ್ಲಿ 9 ವರ್ಷದ ಮಗಳಿಗೂ 11 ವರ್ಷದ ನೆಂಟರ ಹುಡುಗಿಗೂ ಮೈ ಸೆಟೆಯುವುದು, ಕಿರುಚುವುದು ಆಗತೊಡಗಿತು. ವೈದ್ಯರಿಗೆ ಕಾರಣ ಸಿಗಲಿಲ್ಲ. ಯಾರು ಮಾಟ ಮಾಡಿದ್ದು ಹೇಳಿ ಎಂದು ದೊಡ್ಡವರು ಒತ್ತಾಯಿಸಿದರು. ಮೂರು ಹೆಸರು ಹೊರಬಿದ್ದವು. ಮನೆಯಲ್ಲಿ ಗುಲಾಮಳಾಗಿದ್ದ ಟಿಟೂಬಾ, ಭಿಕ್ಷೆ ಬೇಡುತ್ತಿದ್ದ ಸಾರಾ ಗುಡ್, ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್. ಮೂವರ ಪರವಾಗಿಯೂ ಮಾತಾಡುವವರು ಇರಲಿಲ್ಲ. ಆಮೇಲೆ ಪಟ್ಟಿ ಬೆಳೆಯಿತು. 150ಕ್ಕೂ ಜಾಸ್ತಿ ಜನ ಆರೋಪಿಗಳಾದರು. ಸಾರಾ ಗುಡ್‌ಳ ಮಗಳು, ನಾಲ್ಕೈದು ವರ್ಷದ ಮಗು, ಅವಳನ್ನೂ ಜೈಲಿಗೆ ಹಾಕಿದರು.

ಆ ಸೇಲಂ ವಿಲೇಜ್ ಹದಿನೆಂಟನೇ ಶತಮಾನದಲ್ಲಿ ಬೇರೆ ಊರಾಗಿ ಡ್ಯಾನ್ವರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಇವತ್ತು ಅಕ್ಟೋಬರ್‌ನ ಜಾತ್ರೆ ಅಲ್ಲಿಗೆ ಹೋಗುವುದಿಲ್ಲ. ಹೆಸರು ಉಳಿಸಿಕೊಂಡ ಊರಿಗೆ ಕಥೆಯೂ ಉಳಿಯಿತು, ವ್ಯಾಪಾರವೂ ಉಳಿಯಿತು.

ಇಲ್ಲಿ ನಡೆದದ್ದು ಗುಂಪುಗಲಭೆ ಅಲ್ಲ ಅನ್ನುವುದನ್ನು ಮರೆಯಬಾರದು. ಗವರ್ನರ್ ವಿಲಿಯಂ ಫಿಪ್ಸ್ ಮೇ ತಿಂಗಳಲ್ಲಿ ವಿಶೇಷ ನ್ಯಾಯಾಲಯ ನೇಮಿಸಿದ. ವಾರಂಟ್, ಜ್ಯೂರಿ, ಸಾಕ್ಷಿ ಎಲ್ಲ ಇದ್ದವು. ಕೈದಿಗಳಿಂದ ಜೈಲಿನ ಖರ್ಚನ್ನೂ ವಸೂಲಿ ಮಾಡುತ್ತಿದ್ದರು. ಕೆಟ್ಟು ಹೋಗಿದ್ದದ್ದು ಸಾಕ್ಷಿಯ ಲೆಕ್ಕಾಚಾರ. 'ಇವಳ ಆಕಾರ ರಾತ್ರಿ ಬಂದು ನನ್ನ ಕತ್ತು ಹಿಸುಕಿತು' ಎಂದು ಒಬ್ಬರು ಹೇಳಿದರೆ ಕೋರ್ಟು ಅದನ್ನು ಸಾಕ್ಷಿ ಎಂದು ತೆಗೆದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಆರೋಪಿ ತನ್ನ ಮನೆಯಲ್ಲಿ ಮಲಗಿದ್ದರೂ ಪ್ರಯೋಜನವಿಲ್ಲ, ಬಂದದ್ದು ಅವಳ ಆಕಾರವಲ್ಲವೇ? ಇಂಥ ಆರೋಪವನ್ನು ಸುಳ್ಳು ಎಂದು ತೋರಿಸಲು ದಾರಿಯೇ ಇರಲಿಲ್ಲ.

ಇನ್ನೊಂದು ತಿರುವು ಇದಕ್ಕಿಂತ ವಿಚಿತ್ರ. 'ಹೌದು, ನಾನು ಮಾಟಗಾತಿ' ಎಂದು ಒಪ್ಪಿಕೊಂಡವರನ್ನು ಕೋರ್ಟು ಬೇರೆಯವರ ಹೆಸರು ಹೇಳಿಸಲು ಉಳಿಸಿಕೊಳ್ಳುತ್ತಿತ್ತು. ಸುಮಾರು 50 ಜನ ಹಾಗೆ ಒಪ್ಪಿಕೊಂಡರು. ತಪ್ಪೊಪ್ಪಿಗೆಗೆ ಅಂಟಿಕೊಂಡ ಒಬ್ಬರನ್ನೂ ಗಲ್ಲಿಗೇರಿಸಲಿಲ್ಲ. ಬಂಡೆಯ ಮೇಲೆ ಸತ್ತ 19 ಜನ ಕೊನೆಗೆ 'ನಾನಲ್ಲ' ಎಂದು ನಿಂತವರು. ಅವರಲ್ಲಿ ಜಾರ್ಜ್ ಬರೋಸ್ ಸ್ವತಃ ಪಾದ್ರಿಯಾಗಿದ್ದ. ರೆಬೆಕಾ ನರ್ಸ್ 71 ವರ್ಷದ ಅಜ್ಜಿ. ಜ್ಯೂರಿ ಮೊದಲು ಆಕೆಯನ್ನು ನಿರ್ದೋಷಿ ಎಂದಿತ್ತು. ಮುಖ್ಯ ನ್ಯಾಯಾಧೀಶ ಮತ್ತೆ ಯೋಚಿಸಿ ಎಂದು ವಾಪಸ್ ಕಳಿಸಿದ ಮೇಲೆ ತೀರ್ಪು ತಿರುಗಿತು.

ಇಂಥವರು ಸತ್ತ ಊರಿಗೆ ಈಗಿನ ಅಡ್ಡಹೆಸರು 'ವಿಚ್ ಸಿಟಿ', ಮಾಟಗಾತಿಯರ ನಗರ. ಪೊಲೀಸ್ ಕಾರಿನ ಲಾಂಛನದಲ್ಲೂ ಪೊರಕೆ ಏರಿದ ಮಾಟಗಾತಿ. ಒಪ್ಪದೆ ಇದ್ದದ್ದಕ್ಕೆ ಜೀವ ಕಳೆದುಕೊಂಡವರಿಗೆ ಅದೇ ಪಟ್ಟವನ್ನು ಪ್ರೀತಿಯಿಂದ ಕಟ್ಟಿದಂತಾಯಿತು ಅಲ್ವಾ?

ಇನ್ನು ಸುಟ್ಟ ಕಥೆ. ಜರ್ಮನಿ, ಫ್ರಾನ್ಸ್ ಕಡೆ ಸುಡುತ್ತಿದ್ದರು. ಮ್ಯಾಸಚೂಸೆಟ್ಸ್ ಇಂಗ್ಲಿಷರ ವಸಾಹತು, ಇಂಗ್ಲಿಷ್ ಕಾನೂನಿನಲ್ಲಿ ಮಾಟದ ಅಪರಾಧಕ್ಕೆ ಶಿಕ್ಷೆ ನೇಣು. ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ.

ಜಾಗ ಕಳೆದುಹೋದ ಬಗೆ

ನೇಣು ಹಾಕಿದ್ದು ನಾಲ್ಕು ದಿನ. ಜೂನ್ 10ರಂದು ಬ್ರಿಜೆಟ್ ಬಿಷಪ್ ಒಬ್ಬಳೇ. ಜುಲೈ 19ರಂದು ಐದು ಜನ, ಆಗಸ್ಟ್ 19ರಂದು ಐದು ಜನ, ಸೆಪ್ಟೆಂಬರ್ 22ರಂದು ಎಂಟು ಜನ. ಹಾಡಹಗಲು, ಊರ ಜನರೆದುರು. ಹಾಗಿದ್ದೂ ಜಾಗ ಯಾವುದು ಎಂದು ಯಾವ ಸರ್ಕಾರಿ ಕಾಗದವೂ ಹೇಳುವುದಿಲ್ಲ.

ಬ್ರಿಜೆಟ್ ಬಿಷಪ್‌ಳ ವಾರಂಟ್ ಉಳಿದುಕೊಂಡಿದೆ. ಅದರ ಮೇಲೆ ಶೆರೀಫ್ ಜಾರ್ಜ್ ಕಾರ್ವಿನ್ ತನ್ನ ವರದಿ ಬರೆದಿದ್ದಾನೆ. ಜೈಲಿನಿಂದ ಕರೆದೊಯ್ದೆ, ನಿಗದಿ ಮಾಡಿದ ಜಾಗದಲ್ಲಿ ಸಾಯುವವರೆಗೂ ನೇಣು ಹಾಕಿಸಿದೆ, ಅಲ್ಲೇ ಹೂಳಿಸಿದೆ ಎಂದು. ಆಮೇಲೆ ಆ 'ಅಲ್ಲೇ ಹೂಳಿಸಿದೆ' ಅನ್ನುವ ಮಾತಿನ ಮೇಲೆ ಗೀಟು ಎಳೆದಿದ್ದಾನೆ. 'ನಿಗದಿ ಮಾಡಿದ ಜಾಗ' ಎಲ್ಲಿ ಎಂದು ಬರೆಯಲಿಲ್ಲ, ಬರೆಯುವ ಅಗತ್ಯ ಅವನಿಗೆ ಕಾಣಲೂ ಇಲ್ಲ. ಊರಿಗೆಲ್ಲ ಗೊತ್ತಿದ್ದ ಜಾಗ ಅದು. ಎಲ್ಲರಿಗೂ ಗೊತ್ತಿದೆ ಎಂದು ಯಾರೂ ಬರೆದಿಡದ ಸಂಗತಿಗಳೇ ಎರಡು ತಲೆಮಾರಿನಲ್ಲಿ ಮೊದಲು ಅಳಿಸಿಹೋಗುವುದು.

ಅಕ್ಟೋಬರ್‌ನಲ್ಲಿ ಗವರ್ನರ್ ಕೋರ್ಟನ್ನು ಬರಖಾಸ್ತು ಮಾಡಿದ. ಮುಂದಿನ ವರ್ಷ ಬೇರೆ ಕೋರ್ಟು ಆಕಾರದ ಸಾಕ್ಷಿಯನ್ನು ತಳ್ಳಿಹಾಕಿತು, ಕೇಸುಗಳು ಕುಸಿದವು. ನಾಚಿಕೆ ಶುರುವಾದದ್ದು ಅಲ್ಲಿಂದ. 1697ರಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯೂವಲ್ ಚರ್ಚಿನಲ್ಲಿ ಎದ್ದು ನಿಂತು ತಪ್ಪು ಒಪ್ಪಿಕೊಂಡ. 1706ರಲ್ಲಿ ಆರೋಪ ಮಾಡಿದ ಹುಡುಗಿಯರಲ್ಲಿ ಒಬ್ಬಳಾದ ಆ್ಯನ್ ಪುಟ್ನಮ್ ಕ್ಷಮೆ ಕೇಳಿದಳು. ಆದರೆ ಕೊಲೆಗೆ ಸಾಕ್ಷಿ ಹೇಳಿದವರೂ ಕೊಲೆಯಾದವರ ಮಕ್ಕಳೂ ಅದೇ ಊರುಗಳಲ್ಲಿ, ಒಂದೇ ಸಂತೆಯಲ್ಲಿ ಓಡಾಡಿಕೊಂಡು ಬದುಕಬೇಕಿತ್ತು. ಜಾಗ ತೋರಿಸಿ ಕಲ್ಲು ನೆಡುವುದು ಯಾರಿಗೂ ಬೇಕಿರಲಿಲ್ಲ. ಬಂಡೆ ದನ ಮೇಯುವ ಬಯಲಾಗಿಯೇ ಉಳಿಯಿತು.

ನೆನಪು ಹಿಂತಿರುಗಿದಾಗ ಅದು ಚಂದದ ಜಾಗಕ್ಕೆ ಹೋಗಿ ಕೂತಿತು. 1867ರಲ್ಲಿ ಚಾರ್ಲ್ಸ್ ಅಪ್‌ಹ್ಯಾಮ್ ಎಂಬ ಇತಿಹಾಸಕಾರ ಗುಡ್ಡದ ನೆತ್ತಿಯನ್ನೇ ನೇಣಿನ ಜಾಗ ಎಂದು ಬರೆದ. ಅಲ್ಲಿಂದ ಸಮುದ್ರ ಕಾಣುತ್ತದೆ, ಊರು ಕಾಣುತ್ತದೆ. ಸಾಯುವವರ ಕೊನೆಯ ನೋಟಕ್ಕೆ ಇಂಥ ಎತ್ತರ ಕಾದಂಬರಿಗೆ ಹೇಳಿ ಮಾಡಿಸಿದಂತಿತ್ತು. ಪೋಸ್ಟ್‌ಕಾರ್ಡ್ ಮುದ್ರಿಸುವವರಿಗೂ ಅದೇ ಬೇಕಿತ್ತು. ತಪ್ಪು ಜಾಗ ಹೀಗೆ ಪ್ರಸಿದ್ಧವಾಯಿತು.

ಒಂದು ಮನೆ, ಒಂದು ಕಿಟಕಿ, ಒಂದು ಗಾಡಿ

ಈ ನಂಬಿಕೆಯನ್ನು ಕೆಡವಿದವನು ಸಿಡ್ನಿ ಪರ್ಲಿ. ವಕೀಲ, ಜೊತೆಗೆ ಹಳೆಯ ಜಮೀನು ದಾಖಲೆಗಳ ಹುಚ್ಚು. 1921ರಲ್ಲಿ ಅವನು ಪ್ರಕಟಿಸಿದ ವಾದ ಸರಳವಾಗಿತ್ತು. ಕೈದಿಗಳನ್ನು ಗಾಡಿಯಲ್ಲಿ ತಂದರು. ನೆತ್ತಿಯವರೆಗೆ ಗಾಡಿ ಹತ್ತುವಂತಿಲ್ಲ, ಅಷ್ಟು ಕಡಿದು. ಸಾರ್ವಜನಿಕ ಶಿಕ್ಷೆ ಎಂದರೆ ಜನ ನೋಡಬೇಕು, ಹಾಗಾಗಿ ದಾರಿಯ ಪಕ್ಕದಲ್ಲೇ ಇರಬೇಕು. ಊರೊಳಗೆ ಬರುವ ಹೆದ್ದಾರಿ ಆಗ ಬೋಸ್ಟನ್ ಸ್ಟ್ರೀಟ್. ಅದರ ಪಕ್ಕಕ್ಕೇ ಈ ಬಂಡೆ.

ಪರ್ಲಿಗೆ ಬೆಂಬಲವಾಗಿ ರಾಬರ್ಟ್ ಕೇಲೆಫ್ ಎಂಬ ಬಾಸ್ಟನ್‌ನ ಬಟ್ಟೆ ವ್ಯಾಪಾರಿಯ ಬರಹ ಇತ್ತು. ಘಟನೆಯಾದ ಎಂಟು ವರ್ಷಕ್ಕೆ, 1700ರಲ್ಲಿ, ಅಚ್ಚಾದದ್ದು. ಸೆಪ್ಟೆಂಬರ್ 22ರಂದು ಎಂಟು ಜನರ ಗಾಡಿ ಗುಡ್ಡ ಹತ್ತುವಾಗ ಸ್ವಲ್ಪ ಹೊತ್ತು ಸಿಕ್ಕಿಕೊಂಡಿತಂತೆ. ಸೈತಾನನೇ ತಡೆದ ಎಂದು ಆರೋಪಿಸಿದವರು ಕೂಗಿದರಂತೆ. ಪಾದ್ರಿ ಬರೋಸ್‌ನ ಹೆಣವನ್ನು ಹಗ್ಗದಲ್ಲಿ ಎಳೆದು ಬಂಡೆಗಳ ನಡುವಿನ ಸುಮಾರು ಎರಡು ಅಡಿ ಆಳದ ಕುಳಿಗೆ ಹಾಕಿದರು, ಒಂದು ಕೈಯೂ ಗದ್ದವೂ ಹೊರಗೇ ಉಳಿದಿದ್ದವು ಎಂದೂ ಕೇಲೆಫ್ ಬರೆದಿದ್ದಾನೆ. ಅಂಥ ಬಂಡೆಸೀಳು ಪ್ರಾಕ್ಟರ್ಸ್ ಲೆಡ್ಜ್‌ನಲ್ಲಿದೆ.

ನಗರಸಭೆ ಪರ್ಲಿಯ ಮಾತು ನಂಬಿತು, 1936ರಲ್ಲಿ ಆ ತುಂಡು ನೆಲ ಕೊಂಡಿತು. ಸಾರ್ವಜನಿಕ ಸ್ಮಾರಕ ಜಾಗ ಎಂದು ಕಾಗದ ಆಯಿತು. ಬೋರ್ಡ್ ಮಾತ್ರ ಬೀಳಲಿಲ್ಲ. ಪೊದೆ ಬೆಳೆಯಿತು, ಕಸ ಬಿತ್ತು, ಸುತ್ತ ಮನೆಗಳೆದ್ದವು. ಕಾಗದದಲ್ಲಿ ಇದ್ದ ಸ್ಮಾರಕ ನೆಲದ ಮೇಲೆ ಮರೆತುಹೋಯಿತು. ಸರ್ಕಾರಿ ಕಡತಗಳ ಗತಿ ಎಲ್ಲ ಕಡೆ ಒಂದೇ.

2016ರ ಜನವರಿಯ ಸುದ್ದಿ ಬಂದದ್ದು ಈ ಹಿನ್ನೆಲೆಯಲ್ಲಿ. ಸೇಲಂ ಸ್ಟೇಟ್ ವಿಶ್ವವಿದ್ಯಾಲಯದ ಎಮರ್ಸನ್ ಬೇಕರ್, ವರ್ಜೀನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ರೇ, ಈ ವಿಚಾರಣೆಗಳನ್ನು ದಿನದಿನದ ಲೆಕ್ಕದಲ್ಲಿ ಅಭ್ಯಾಸ ಮಾಡಿದ ಮೆರಿಲಿನ್ ರೋಚ್, ಭೂಭೌತ ವಿಜ್ಞಾನಿ ಪೀಟರ್ ಸಬ್ಲಾಕ್ ಇದ್ದ ತಂಡ ಪರ್ಲಿ ಹೇಳಿದ್ದೇ ಸರಿ ಎಂದು ಘೋಷಿಸಿತು. ಅಂದರೆ ಅವರು ಹೊಸ ಜಾಗ ಕಂಡುಹಿಡಿಯಲಿಲ್ಲ, ಹಳೆಯ ಊಹೆಗೆ ಪುರಾವೆ ಸೇರಿಸಿದರು. 'ಪತ್ತೆ' ಎಂಬ ತಲೆಬರಹ ದಾರಿ ತಪ್ಪಿಸಿದ್ದು ಇಲ್ಲೇ.

ಆ ಪುರಾವೆಗಳಲ್ಲಿ ಒಂದು ಬಹಳ ಚಿಕ್ಕದು, ಬಹಳ ಬೆಲೆಬಾಳುವುದು. ಆಗಸ್ಟ್ 19ರಂದು ರೆಬೆಕಾ ಈಮ್ಸ್ ಎಂಬಾಕೆಯನ್ನು ಬಂಧಿಸಿ ಬೋಸ್ಟನ್ ಸ್ಟ್ರೀಟ್ ದಾರಿಯಲ್ಲಿ ಊರಿಗೆ ತರುತ್ತಿದ್ದರು. ಅದೇ ಹೊತ್ತಿಗೆ ಐದು ಜನರ ನೇಣು ನಡೆಯುತ್ತಿತ್ತು. ಆಕೆಯನ್ನು ಒಂದು ಮನೆಯಲ್ಲಿ ಕೂರಿಸಿದರು. ಆ ಮನೆಯಾಕೆಯ ಕಾಲಿಗೆ ಆಗ ಗುಂಡುಸೂಜಿ ಚುಚ್ಚಿತಂತೆ, ಅದು ಈಮ್ಸ್ ಮಾಡಿದ ಮಾಟ ಎಂದು ಅನುಮಾನ. ವಿಚಾರಣೆಯಲ್ಲಿ ನೇಣಿನ ಹತ್ತಿರ ಇದ್ದೆಯಾ ಎಂದು ಕೇಳಿದಾಗ ಈಮ್ಸ್ ಹೇಳಿದ್ದಿಷ್ಟು: ಗುಡ್ಡದ ಕೆಳಗಿನ ಮನೆಯಲ್ಲಿದ್ದೆ, ಕೆಲವು ಜನ ಕಂಡರು, ಸೂಜಿ ಚುಚ್ಚಿದ್ದು ನಾನಲ್ಲ. ಸೂಜಿಯ ಆರೋಪಕ್ಕೆ ಕೊಟ್ಟ ಉತ್ತರದಲ್ಲಿ ಜಾಗದ ಸುಳಿವು ಸಿಕ್ಕಿಕೊಂಡಿತ್ತು. ಆ ಮನೆ ಎಲ್ಲಿತ್ತು ಎಂದು ಸಂಶೋಧಕರು ಜಮೀನು ದಾಖಲೆಯಿಂದ ಗುರುತಿಸಿದರು. ಅಲ್ಲಿಂದ ಏನೇನು ಕಾಣುತ್ತಿತ್ತು ಎಂದು ಕಂಪ್ಯೂಟರ್ ನಕ್ಷೆಯಲ್ಲಿ ಲೆಕ್ಕ ಹಾಕಿದರು. ಬಂಡೆ ಕಾಣುತ್ತಿತ್ತು. ಗುಡ್ಡದ ನೆತ್ತಿ ಕಾಣುತ್ತಿರಲಿಲ್ಲ.

ಇನ್ನೊಂದು ಸುಳಿವು 1791ರ ಪತ್ರದ್ದು. ನೂರರ ಹತ್ತಿರ ಬದುಕಿ ಆಗಷ್ಟೇ ಸತ್ತಿದ್ದ ಜಾನ್ ಸೈಮಂಡ್ಸ್ ಎಂಬ ಮುದುಕ ಹುಟ್ಟಿದ್ದು 1692ರಲ್ಲಿ. ಅವನ ತಾಯಿಯ ಬಾಣಂತನ ಮಾಡುತ್ತಿದ್ದ ದಾದಿ, ಕೋಣೆಯ ಕಿಟಕಿಯಿಂದ ನೇಣಿನಲ್ಲಿ ತೂಗುತ್ತಿದ್ದವರನ್ನು ಕಂಡಿದ್ದಳಂತೆ. ಅದನ್ನು ಅವನಿಗೆ ಎಷ್ಟೋ ಸಲ ಹೇಳಿದ್ದಳಂತೆ. ಕಿಟಕಿ, ಬಾಣಂತಿ, ದೂರದ ಗುಡ್ಡ. ಸರ್ಕಾರ ಬರೆದಿಡದ ಜಾಗವನ್ನು ಹೆರಿಗೆ ಮನೆಯ ಮಾತು ಉಳಿಸಿಕೊಟ್ಟಿತು.

ಹೆಣಗಳು? ನೆಲದೊಳಗೆ ಅಲೆ ಹಾಯಿಸಿ ನೋಡುವ ಉಪಕರಣ ತಂದು ಪರೀಕ್ಷಿಸಿದರು. ಮಣ್ಣು ತೆಳು, ಕೆಳಗೆಲ್ಲ ಬಂಡೆ. ಹೂಳುವಷ್ಟು ಆಳವೇ ಇಲ್ಲ, ಹೂತ ಗುರುತೂ ಸಿಗಲಿಲ್ಲ. ರಾತ್ರಿ ಹೊತ್ತು ಮನೆಯವರು ದೋಣಿಯಲ್ಲಿ ಬಂದು ಹೆಣ ಒಯ್ದರು ಎಂದು ನರ್ಸ್ ಕುಟುಂಬದಲ್ಲಿ ಕಥೆ ಉಳಿದಿದೆ. ಆಗ ನದಿಯ ನೀರು ಈ ಬಂಡೆಯ ಹತ್ತಿರದವರೆಗೂ ಬರುತ್ತಿದ್ದದ್ದು ನಿಜ. ನೇಣುಗಂಬದ ಸುದ್ದಿಯೂ ದಾಖಲೆಯಲ್ಲಿಲ್ಲ, ಮರಕ್ಕೇ ಹಗ್ಗ ಕಟ್ಟಿರಬೇಕು ಎನ್ನುವುದು ಸಂಶೋಧಕರ ಅಂದಾಜು. ಹೀಗಾಗಿ ಅಲ್ಲಿಗೆ ಹೋದರೆ ನೋಡಲು ಗೋರಿಯಿಲ್ಲ, ಕಂಬವಿಲ್ಲ. ಬಂಡೆ, ಗಿಡಗಂಟಿ, ಹಿಂದೆ ಯಾರದೋ ಮನೆಯ ಬೇಲಿ.

ಮಾಟಗಾತಿ ಹೆಸರಿನ ಅನ್ನ

2017ರ ಜುಲೈ 19ರಂದು, 1692ರ ಜುಲೈನ ಐವರ ನೇಣಿಗೆ 325 ವರ್ಷ ತುಂಬಿದ ದಿನ, ಪೋಪ್ ಸ್ಟ್ರೀಟ್ ಬದಿಗೆ ಸಣ್ಣ ಸ್ಮಾರಕ ಉದ್ಘಾಟನೆಯಾಯಿತು. ಅರ್ಧವೃತ್ತದ ಕಲ್ಲುಗೋಡೆ, ಅದರಲ್ಲಿ 19 ಹೆಸರು ಮತ್ತು ತಾರೀಕು, ನಡುವೆ ಒಂದು ಓಕ್ ಗಿಡ. ಅಷ್ಟೇ.

ಅಷ್ಟೇ ಯಾಕೆ ಎಂಬುದರಲ್ಲೇ ಊರಿನ ಜಗಳ ಅಡಗಿದೆ. ಸೇಲಂ ಜನಸಂಖ್ಯೆ 45 ಸಾವಿರದ ಆಸುಪಾಸು. ಈಚಿನ ವರ್ಷಗಳಲ್ಲಿ ಅಕ್ಟೋಬರ್ ಒಂದೇ ತಿಂಗಳಲ್ಲಿ 10 ಲಕ್ಷ ಮೀರಿ ಜನ ಬರುತ್ತಿದ್ದಾರೆ. ಈ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. 1890ರ ಸುಮಾರಿಗೇ ಡೇನಿಯಲ್ ಲೋ ಎಂಬ ಆಭರಣದ ಅಂಗಡಿ ಮಾಟಗಾತಿಯ ಚಿತ್ರವಿರುವ ಬೆಳ್ಳಿ ಚಮಚ ಮಾರಿ ದೇಶದಲ್ಲೆಲ್ಲ ಹೆಸರು ಮಾಡಿತ್ತು. 1970ರಲ್ಲಿ ಒಂದು ಜನಪ್ರಿಯ ಹಾಸ್ಯ ಧಾರಾವಾಹಿ ಇಲ್ಲಿ ಚಿತ್ರೀಕರಣ ಮಾಡಿತು, ಅದರ ಮಾಟಗಾತಿ ನಾಯಕಿಗೆ 2005ರಲ್ಲಿ ಕಂಚಿನ ಪ್ರತಿಮೆಯೂ ಎದ್ದಿತು. 1982ರಿಂದ ಅಕ್ಟೋಬರ್ ಉತ್ಸವ. ಬಂದರು ಸೊರಗಿ, ಚರ್ಮದ ಕಾರ್ಖಾನೆಗಳು ಮುಚ್ಚಿ, ಆಟದ ಸಾಮಾನು ಮಾಡುವ ಪಾರ್ಕರ್ ಬ್ರದರ್ಸ್ ಕಾರ್ಖಾನೆಯೂ 1991ರಲ್ಲಿ ಬಾಗಿಲು ಹಾಕಿದ ಮೇಲೆ ಈ ಊರಿಗೆ ಉಳಿದ ದೊಡ್ಡ ಗಿರಾಕಿ ಪ್ರವಾಸಿ. 'ನಮಗೂ ಹೊಟ್ಟೆಪಾಡು ಇದೆ, ಜೊತೆಗೆ ಬಂದವರಿಗೆ ಇತಿಹಾಸವೂ ಕಿವಿಗೆ ಬೀಳುತ್ತದೆ' ಎನ್ನುವ ಅಂಗಡಿಯವರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಸತ್ತವರ ವಂಶದವರ ನಿಲುವು ಬೇರೆ. ಹಾಗೆ ಗುರುತಿಸಿಕೊಳ್ಳುವ ಸಾವಿರಾರು ಜನ ಅಮೆರಿಕದಲ್ಲಿದ್ದಾರೆ. ಅವರಿಗೆ ಇದು ಅಜ್ಜಿಯ ಕೊಲೆ ನಡೆದ ಜಾಗ. ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಅವರಿಗೆ ಅವಮಾನವಾಗಿ ಕಾಣುತ್ತದೆ.

ಮೂರನೆಯ ಗುಂಪು ಹೊರಗಿನವರಿಗೆ ಅರ್ಥವಾಗುವುದೇ ಕಷ್ಟ. 1970ರ ದಶಕದಿಂದ ವಿಕ್ಕಾ ಎಂಬ ಹೊಸ ಪಂಥದವರು ಸೇಲಂನಲ್ಲಿ ನೆಲೆಸಿದ್ದಾರೆ. ಅವರು ತಮ್ಮನ್ನು 'ವಿಚ್' ಎಂದು ಹೆಮ್ಮೆಯಿಂದ ಕರೆದುಕೊಳ್ಳುವವರು. ಸಮಾಜಕ್ಕೆ ಬೇಡವಾದವರನ್ನು ಹೇಗೆ ಬಲಿ ಹಾಕುತ್ತಾರೆ ಎಂಬುದರಲ್ಲಿ ಅವರಿಗೆ ತಮ್ಮದೇ ಕಥೆ ಕಾಣುತ್ತದೆ. ಇತಿಹಾಸಕಾರರ ತಕರಾರು ಒಂದೇ: ಸತ್ತವರೆಲ್ಲ ಪ್ಯೂರಿಟನ್ ಸಮಾಜದ ಕ್ರೈಸ್ತರು, ಮಾಟಗಾತಿ ಎನ್ನಿಸಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು ಎಂದವರು. ಅವರ ಹೆಸರಲ್ಲಿ ಬೇರೆಯವರು ಆ ಪದವನ್ನು ಹೊತ್ತುಕೊಳ್ಳುವುದು ಎಷ್ಟು ಸರಿ? ನನಗೆ ಇತಿಹಾಸಕಾರರ ಮಾತೇ ಗಟ್ಟಿ ಅನಿಸುತ್ತದೆ. ಹಾಗೆಂದು ಒಬ್ಬರು ಬಂದು ಮೌನವಾಗಿ ಹೂವಿಟ್ಟು ಹೋದರೆ ತಡೆಯಲು ಕಾರಣ ಕಾಣುವುದಿಲ್ಲ.

ಇವರೆಲ್ಲರಿಗಿಂತ ಹತ್ತಿರದವರು ಪೋಪ್ ಸ್ಟ್ರೀಟ್ ನಿವಾಸಿಗಳು. ಮನೆ ಕೊಂಡಾಗ ಹಿತ್ತಲಲ್ಲಿ ನೇಣಿನ ಬಂಡೆ ಇದೆ ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿದ್ದೀತು? ಇಕ್ಕಟ್ಟಿನ ಬೀದಿ. ಬಸ್ಸು ನಿಲ್ಲುವ ಜಾಗವಿಲ್ಲ, ಪಾರ್ಕಿಂಗ್ ಇಲ್ಲ, ಶೌಚಾಲಯವಿಲ್ಲ. ಇಲ್ಲಿ ದೊಡ್ಡ ಸ್ಮಾರಕ ಕಟ್ಟಿದ್ದರೆ ಊರ ನಡುವಿನ ಜಾತ್ರೆ ಈ ಮನೆಗಳ ಬಾಗಿಲಿಗೆ ಬರುತ್ತಿತ್ತು. ಅದಕ್ಕೇ ನಗರಸಭೆ ಸ್ಮಾರಕವನ್ನು ಬೇಕೆಂದೇ ಸಣ್ಣದಾಗಿ ಇಟ್ಟಿತು. ಪ್ರವಾಸಿಗಳನ್ನು ಊರ ನಡುವಿನ ಬೆಂಚುಗಳ ಕಡೆಗೇ ತಿರುಗಿಸುತ್ತದೆ. ನಿಜವಾದ ಜಾಗ ಸದ್ದಿಲ್ಲದೆ ಇರಲಿ, ಜನಸಂದಣಿ ಸಾಂಕೇತಿಕ ಜಾಗಕ್ಕೆ ಹೋಗಲಿ ಎನ್ನುವ ಲೆಕ್ಕ. ಜಾಣತನದ ಲೆಕ್ಕವೇ. ಆದರೆ ಇದರಿಂದ ತಪ್ಪು ತಿಳಿವಳಿಕೆಯೂ ಉಳಿಯುತ್ತದೆ. ಬಂದವರಲ್ಲಿ ಹೆಚ್ಚಿನವರು ನೋಡುವುದು ಬೆಂಚುಗಳನ್ನು, ಮತ್ತೆ 'ವಿಚ್ ಹೌಸ್' ಎಂಬ ಕಪ್ಪು ಮರದ ಮನೆಯನ್ನು. ಆ ಮನೆಯಲ್ಲಿ ಯಾವ ಮಾಟಗಾತಿಯೂ ಇರಲಿಲ್ಲ. ಅದು ಇನ್ನೊಬ್ಬ ನ್ಯಾಯಾಧೀಶ ಜೊನಾಥನ್ ಕಾರ್ವಿನ್‌ನ ಮನೆ.

2022ರ ಖುಲಾಸೆ ಯಾಕೆ ಬೇಕಾಯಿತು

ಜಾಗ ಮರೆತದ್ದಕ್ಕೂ ಖುಲಾಸೆ ತಡವಾದದ್ದಕ್ಕೂ ಕಾರಣ ಒಂದೇ, ಕೇಳುವವರು ಇದ್ದವರಿಗಷ್ಟೇ ಸಿಕ್ಕಿತು. 1711ರಲ್ಲಿ ಸರ್ಕಾರ 22 ಜನರ ಶಿಕ್ಷೆ ರದ್ದು ಮಾಡಿ ಒಟ್ಟು 578 ಪೌಂಡ್ 12 ಶಿಲ್ಲಿಂಗ್ ಪರಿಹಾರ ಕೊಟ್ಟಿತು. ಅರ್ಜಿ ಹಾಕಲು ಮಕ್ಕಳು-ಮರಿ ಇದ್ದವರ ಹೆಸರು ಸೇರಿತು, ಇಲ್ಲದವರದು ಬಿಟ್ಟುಹೋಯಿತು. 1957ರಲ್ಲಿ ಇನ್ನೊಂದು ನಿರ್ಣಯ ಬಂತು. ಅದರಲ್ಲಿ ಆ್ಯನ್ ಪ್ಯೂಡಿಯೇಟರ್ ಎಂಬ ಒಂದೇ ಹೆಸರು, ಉಳಿದವರೆಲ್ಲ 'ಇತರ ಕೆಲವರು'. ಆ 'ಇತರರ' ಪೈಕಿ ಐವರ ಹೆಸರನ್ನು ಬಿಡಿಸಿ ಬರೆದದ್ದು 2001ರಲ್ಲಿ.

ಆಮೇಲೂ ಒಬ್ಬಳು ಉಳಿದಿದ್ದಳು. ಆ್ಯಂಡೋವರ್‌ನ ಎಲಿಜಬೆತ್ ಜಾನ್ಸನ್, ಆಗ 22 ವರ್ಷ. ಮರಣದಂಡನೆ ಆಗಿತ್ತು, ಗವರ್ನರ್ ತಡೆದಿದ್ದರಿಂದ ಜೀವ ಉಳಿಯಿತು. ಮದುವೆ ಇಲ್ಲ, ಮಕ್ಕಳಿಲ್ಲ. ಹಾಗಾಗಿ ಅವಳ ಪರವಾಗಿ ಕೇಳುವ ವಂಶವೂ ಇಲ್ಲ. ಕೊನೆಗೆ ಕೇಳಿದವರು ನಾರ್ತ್ ಆ್ಯಂಡೋವರ್‌ನ ಶಾಲೆಯೊಂದರ ಎಂಟನೇ ತರಗತಿ ಮಕ್ಕಳು, ಪೌರನೀತಿಯ ಪಾಠದ ಭಾಗವಾಗಿ. 2022ರ ಜುಲೈನಲ್ಲಿ ರಾಜ್ಯದ ಬಜೆಟ್ ಮಸೂದೆಯೊಳಗೆ ಅವಳ ಹೆಸರು ಸೇರಿತು. ಅವಳು ಬಂಡೆಯ ಮೇಲೆ ಸತ್ತವಳಲ್ಲ, ಹಾಗಾಗಿ ಯಾವ ಸ್ಮಾರಕದ ಕಲ್ಲಿನಲ್ಲೂ ಅವಳನ್ನು ಹುಡುಕಬೇಡಿ.

ನಮ್ಮ ಓದುಗರಿಗೆ ಇಲ್ಲೊಂದು ಮಾತು. ಸೇಲಂನ 'ವಿಚ್' ಅನ್ನು ನಾವು ಮಾಟಗಾತಿ ಎನ್ನುತ್ತೇವೆ, ಮಾಟ-ಮಂತ್ರದ ನಮ್ಮ ಚಿತ್ರ ಅದಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ 330 ವರ್ಷದ ದೂರ ಇರುವುದರಿಂದ ಟೋಪಿ ಹಾಕಿ ನಗಬಹುದು. ಬಿಹಾರದ ಪೂರ್ಣಿಯಾ ಜಿಲ್ಲೆಯ ಟೆಟಗಾಮಾದಲ್ಲಿ 2025ರ ಜುಲೈನಲ್ಲಿ ಒಂದೇ ಮನೆಯ ಐವರನ್ನು ಮಾಟದ ಆರೋಪ ಹೊರಿಸಿ ಕೊಂದರು. ಬಿಹಾರದಲ್ಲಿ ಇದರ ವಿರುದ್ಧ 1999ರಿಂದಲೇ ಕಾಯ್ದೆ ಇದೆ.

ಮುಂದೆ ಏನಾಗಬಹುದು

ಜಾಗದ ವಿಳಾಸ ಈಗ ಎಲ್ಲರ ಫೋನಿನ ನಕ್ಷೆಯಲ್ಲಿದೆ. ನಗರಸಭೆ ಎಷ್ಟೇ ಸಣ್ಣದಾಗಿ ಇಟ್ಟರೂ ಪೋಪ್ ಸ್ಟ್ರೀಟ್‌ಗೆ ಬರುವವರು ಜಾಸ್ತಿಯಾಗುತ್ತಲೇ ಹೋಗುತ್ತಾರೆ. ಬಂದವರಲ್ಲಿ ಹಲವರಿಗೆ ನಿರಾಸೆಯೂ ಆಗುತ್ತದೆ, ಇಷ್ಟೇನಾ ಎಂದು. ಆಗ ಮಾಹಿತಿ ಫಲಕ ಬೇಕು, ಬೆಂಚು ಬೇಕು ಎಂಬ ಬೇಡಿಕೆ ಏಳುತ್ತದೆ. ಒಂದೊಂದು ಸೌಕರ್ಯ ಸೇರಿದಂತೆಲ್ಲ ಇನ್ನಷ್ಟು ಜನ ಬರುತ್ತಾರೆ, ಬೀದಿಯವರ ತಾಳ್ಮೆ ಕಡಿಮೆಯಾಗುತ್ತದೆ. ಅಕ್ಟೋಬರ್‌ನಲ್ಲಿ ಬೀದಿ ಮುಚ್ಚುವ ಒತ್ತಡ ಬಂದರೆ ಆಶ್ಚರ್ಯವಿಲ್ಲ. ಗುಡ್ಡದ ನೆತ್ತಿಯ ಕಥೆಯಂತೂ ಅಷ್ಟು ಬೇಗ ಸಾಯುವುದಿಲ್ಲ. ಪಾರ್ಕಿನ ಹೆಸರು ಗ್ಯಾಲೋಸ್ ಹಿಲ್ ಎಂದೇ ಇದೆ.

ನೋಡಲೇಬೇಕು ಎನ್ನುವವರು ಅಕ್ಟೋಬರ್ ಬಿಟ್ಟು ಹೋಗಲಿ. ಊರ ನಡುವಿನಿಂದ ಬೋಸ್ಟನ್ ಸ್ಟ್ರೀಟ್ ಕಡೆಗೆ ನಡೆದರೆ ಹೆಚ್ಚು ಕಡಿಮೆ ಗಾಡಿ ಹೋದ ದಾರಿಯಲ್ಲೇ ಹೋದಂತೆ. ಅರ್ಧ ಗಂಟೆಯೂ ಬೇಡ. ಬಂಡೆ ಹತ್ತುವುದು ಬೇಡ, ಮೇಲಿನದು ಜನರ ಹಿತ್ತಲು. ಗೋಡೆಯ ಹತ್ತಿರ ನಿಂತು ಹೆಸರು ಓದಿದರೆ ಸಾಕು.

ಅದರಲ್ಲಿ ಸೆಪ್ಟೆಂಬರ್ 22ರ ಎಂಟು ಹೆಸರುಗಳ ನಡುವೆ ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಇದ್ದಾನೆ. ಆ್ಯಂಡೋವರ್‌ನ ಬಡಗಿ. ಅವನು ಮೊದಲು ಮಾಟಗಾರ ಎಂದು ಒಪ್ಪಿಕೊಂಡಿದ್ದ. ಹಾಗೇ ಸುಮ್ಮನಿದ್ದಿದ್ದರೆ ಬದುಕುತ್ತಿದ್ದ. ಆಮೇಲೆ ಕೋರ್ಟಿನಲ್ಲಿ ಆ ಮಾತು ಹಿಂದಕ್ಕೆ ತೆಗೆದುಕೊಂಡ, ತಾನು ಹೇಳಿದ್ದು ಸುಳ್ಳು ಎಂದ. ನೇಣಿನ ಕೆಳಗೆ ನಿಂತು ಜನರಿಗೆ ತಾನು ನಿರಪರಾಧಿ ಎಂದು ಹೇಳಲು ಬಾಯಿ ತೆರೆದಾಗ, ನೇಣು ಹಾಕುವವನು ಸೇದುತ್ತಿದ್ದ ತಂಬಾಕಿನ ಹೊಗೆ ಮುಖಕ್ಕೆ ಬಡಿದು ಮಾತು ತುಂಡಾಯಿತು ಎಂದು ಕೇಲೆಫ್ ಬರೆದಿದ್ದಾನೆ. ಸುತ್ತ ನಿಂತಿದ್ದ, ಆರೋಪ ಹೊರಿಸಿದವರು, ಸೈತಾನ ಹೊಗೆಯಾಗಿ ಬಂದು ಅವನ ಬಾಯಿ ಕಟ್ಟಿದ ಎಂದರಂತೆ.